ಎಲ್ಲ ಗಂಟನ್ನೂ ಕಟ್ಟಲೇಬೇಕಿತ್ತಾ?

ಮಾನ್ಯ ಸಂಪಾದಕರೇ,

ನಿಮ್ಮ ಸಿನಿಮಾ ಪುಟದಲ್ಲಿ ಬಂದ ‘ಮಿಷನ್ ಇಂಪಾಸಿಬಲ್: ದಿ ಫೈನಲ್ ರೆಕನಿಂಗ್’ ವಿಮರ್ಶೆ ಓದಿದೆ. ಸ್ಟಂಟ್ ಜಾಸ್ತಿ, ಕಥೆ ಕಡಿಮೆ ಎಂದು ಬೈದಿದ್ದೀರಿ. ಆಮೇಲೆ, ಹಳೆಯ ಏಳು ಸಿನಿಮಾಗಳನ್ನೂ ಒಂದೇ ದಾರದಲ್ಲಿ ಪೋಣಿಸಿದ್ದನ್ನು ಮಾತ್ರ ಮೆಚ್ಚಬೇಕು ಎಂದಿದ್ದೀರಿ. ನನಗೆ ಎರಡೂ ತಿರುಗುಮುರುಗಾಗಿ ಕಾಣಿಸಿತು. ಈ ಸಿನಿಮಾಕ್ಕೆ ಜೀವ ಬರೋದೇ ಸ್ಟಂಟ್ ಶುರುವಾದಾಗ. ಕೆಡಿಸಿದ್ದು ಆ ಪೋಣಿಸುವ ಕೆಲಸ.

ಒಂದು ಸಿನಿಮಾ ನೋಡಲು ಇನ್ನೊಂದನ್ನು ನೋಡಿರಲೇಬೇಕು ಎಂಬ ಕಾಟ ಈ ಸರಣಿಯಲ್ಲಿ ಮೊದಲು ಇರಲಿಲ್ಲ. 1996ರಲ್ಲಿ ಬ್ರಯಾನ್ ಡಿ ಪಾಲ್ಮಾ, 2000ದಲ್ಲಿ ಜಾನ್ ವೂ, 2006ರಲ್ಲಿ ಜೆ.ಜೆ. ಏಬ್ರಮ್ಸ್, 2011ರಲ್ಲಿ ಬ್ರಾಡ್ ಬರ್ಡ್, ಹೀಗೆ ಪ್ರತಿ ಸಲ ಹೊಸ ನಿರ್ದೇಶಕ, ಪ್ರತಿ ಸಲ ಬೇರೆ ಧಾಟಿ. ಗೂಢಚಾರ ಈಥನ್ ಹಂಟ್ (ಟಾಮ್ ಕ್ರೂಸ್) ಬರುತ್ತಾನೆ, ಅವನ ಜೊತೆಗಾರ ಲೂಥರ್ ಬರುತ್ತಾನೆ, ಯಾರೋ ಮುಖವಾಡ ಕಿತ್ತು ಬಿಸಾಕುತ್ತಾರೆ, ಲಾಲೋ ಶಿಫ್ರಿನ್ ಹಳೇ ಟಿವಿ ಧಾರಾವಾಹಿಗೆ ಮಾಡಿದ ಆ ಸಂಗೀತ ಬರುತ್ತದೆ, ಅಷ್ಟು ಸಾಕಿತ್ತು. 2015ರಿಂದ ನಾಲ್ಕು ಸಿನಿಮಾ ಸತತವಾಗಿ ಕ್ರಿಸ್ಟೋಫರ್ ಮೆಕ್ವಾರಿ ಅವರದೇ. ಆಗಿನಿಂದ ಕಥೆಗಳು ಒಂದಕ್ಕೊಂದು ಅಂಟಿಕೊಳ್ಳತೊಡಗಿದವು. 2018ರ ಫಾಲ್‌ಔಟ್‌ವರೆಗೆ ಅದು ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು.

ಈಗ ನೋಡಿ. ಮೂರನೇ ಸಿನಿಮಾದಲ್ಲಿ ‘ರ‍್ಯಾಬಿಟ್ಸ್ ಫುಟ್’ ಅಂತ ಒಂದು ವಸ್ತುವಿನ ಹಿಂದೆ ಎಲ್ಲರೂ ಬಿದ್ದಿರುತ್ತಾರೆ. ಅದು ಏನು ಅಂತ ಕೊನೆಗೂ ಹೇಳಲಿಲ್ಲ. ಈಥನ್ ಬಾಯಿಬಿಟ್ಟು ಕೇಳಿದರೂ ಬಾಸ್ ಜಾರಿಕೊಳ್ಳುತ್ತಾನೆ. ಮಜಾ ಇದ್ದದ್ದೇ ಅಲ್ಲಿ, ಅಲ್ವಾ? 2025ಕ್ಕೆ ಬಂದರೆ, ಅದೇ ಈ ಎಂಟಿಟಿ ಎಂಬ ಕೃತಕ ಬುದ್ಧಿಯ ಮೂಲವಂತೆ! ಅದನ್ನು ಆಗ ಕದ್ದು ತಂದವನು ಈಥನ್. ಅಂದರೆ ಈಗ ಎಂಟಿಟಿಯಿಂದ ಜಗತ್ತು ಹಾಳಾಗಲು ಅವನೇ ಕಾರಣ. ಇನ್ನು ಅವನ ಬೆನ್ನು ಹತ್ತಿದ ಬ್ರಿಗ್ಸ್ ಎಂಬ ಅಧಿಕಾರಿ ಯಾರು ಅಂದರೆ, ಮೊದಲ ಸಿನಿಮಾದಲ್ಲಿ ದ್ರೋಹ ಬಗೆದ ಜಿಮ್ ಫೆಲ್ಪ್ಸ್‌ನ ಮಗ. ಸರಿ, ಮಗ. ಅದರಿಂದ ಕಥೆಗೆ ಏನಾಯಿತು? ಹೆಚ್ಚೇನೂ ಇಲ್ಲ. ಸುಮ್ನೆ ಒಂದು ಗಂಟು.

ಇದನ್ನೆಲ್ಲ ವಿವರಿಸಲು ಮೊದಲ ಒಂದು ಗಂಟೆ ಖರ್ಚಾಗುತ್ತದೆ. ಹಳೇ ಸಿನಿಮಾಗಳ ತುಣುಕು ಬರುತ್ತವೆ, ಮತ್ತೆ ಬರುತ್ತವೆ. ಅಧಿಕಾರಿಗಳು ಒಂದು ಕೋಣೆಯಲ್ಲಿ ನಿಂತು, ಒಬ್ಬರು ವಾಕ್ಯ ಶುರು ಮಾಡಿದರೆ ಇನ್ನೊಬ್ಬರು ಮುಗಿಸುತ್ತಾರೆ, ಎಲ್ಲರ ಮುಖವೂ ಒಂದೇ ರೀತಿ ಗಂಭೀರ. ಮೊದಲ ಸಿನಿಮಾ 110 ನಿಮಿಷ ಇತ್ತು. ಇದು ಹತ್ತಿರ ಹತ್ತಿರ 170. ಜಾಸ್ತಿಯಾದ ಆ ಒಂದು ಗಂಟೆ ಎಲ್ಲಿಗೆ ಹೋಯಿತು ಎಂದು ಕೇಳಿದರೆ ಉತ್ತರ ಆ ಕೋಣೆಯಲ್ಲಿದೆ.

ಹಾಗಂತ ಹಳೆಯದನ್ನು ಮುಟ್ಟಲೇಬಾರದು ಅಂತಲ್ಲ. ಇದೇ ಸಿನಿಮಾದಲ್ಲಿ ಒಂದು ಕಡೆ ಅದು ಬಹಳ ಚಂದವಾಗಿ ಬಂದಿದೆ, ನಿಮ್ಮ ವಿಮರ್ಶೆಯಲ್ಲಿ ಅದರ ಹೆಸರೇ ಇಲ್ಲ. 1996ರಲ್ಲಿ ಈಥನ್ ಲ್ಯಾಂಗ್ಲಿಗೆ, ಅಂದರೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ಕಚೇರಿಗೆ, ಕದಿಯಲು ನುಗ್ಗುವ ಆ ದೃಶ್ಯ ನೆನಪಿಸಿಕೊಳ್ಳಿ. ಬಿಳಿ ಕೋಣೆ. ಸದ್ದಾದರೆ ಅಲಾರಂ, ನೆಲ ಮುಟ್ಟಿದರೆ ಅಲಾರಂ, ಬಿಸಿ ಏರಿದರೂ ಅಲಾರಂ. ಹಗ್ಗದಲ್ಲಿ ನೇತಾಡುತ್ತಿರುವ ಈಥನ್ ಬೆವರಿನ ಹನಿಯೊಂದನ್ನು ಕೈಗವಸಿನಲ್ಲಿ ಹಿಡಿಯುತ್ತಾನೆ. (ಚಿತ್ರೀಕರಣದಲ್ಲಿ ಟಾಮ್ ಕ್ರೂಸ್ ಮುಖ ಕೆಳಗಾಗಿ ವಾಲುತ್ತಲೇ ಇದ್ದರಂತೆ, ತೂಕ ಸರಿಹೋಗಲಿ ಎಂದು ಶೂ ಒಳಗೆ ನಾಣ್ಯ ಹಾಕಿಕೊಂಡರಂತೆ.) ಕೊನೆಯಲ್ಲಿ ಚಾಕು ಜಾರಿ ಬಿದ್ದು ಮೇಜಿಗೆ ನೆಟ್ಟಗೆ ಚುಚ್ಚಿಕೊಳ್ಳುತ್ತದೆ. ವಾಂತಿ ಮಾಡಿ ಸುಸ್ತಾಗಿ ವಾಪಸ್ ಬಂದ, ಆ ಕೋಣೆಯಲ್ಲಿ ಕೆಲಸ ಮಾಡುವ ಬಡಪಾಯಿ ಡನ್‌ಲೋ ಅದನ್ನು ನೋಡುತ್ತಾನೆ. ಅವನನ್ನು ಅಲಾಸ್ಕಾಕ್ಕೆ ಎತ್ತಂಗಡಿ ಮಾಡಿ ಅಂತ ಮೇಲಧಿಕಾರಿ ಹೇಳಿದಾಗ ನಾವೆಲ್ಲ ನಕ್ಕಿದ್ದೆವು, ಅವನನ್ನು ಅಲ್ಲಿಗೇ ಮರೆತಿದ್ದೆವು.

ಈಗ ಡನ್‌ಲೋ ಆಗಿದ್ದ ಅದೇ ನಟ, ರೋಲ್ಫ್ ಸ್ಯಾಕ್ಸನ್, ಬೇರಿಂಗ್ ಸಮುದ್ರದ ಒಂದು ದ್ವೀಪದಲ್ಲಿ ಹೆಂಡತಿಯ ಜೊತೆ ಬದುಕುತ್ತಿರುವ ಮುದುಕನಾಗಿ ಸಿಗುತ್ತಾರೆ. ಆ ಚಾಕು ಇನ್ನೂ ಅವನ ಹತ್ತಿರ ಇದೆ. ಸಿಟ್ಟಿಲ್ಲ, ಸೇಡಿಲ್ಲ. ಇಲ್ಲಿಗೆ ಬಂದದ್ದರಿಂದಲೇ ಇವಳು ಸಿಕ್ಕಳು ಎಂಬ ತೃಪ್ತಿ ಇದೆ. ನಾಯಕ ತನ್ನ ಕೆಲಸ ಮುಗಿಸಿಕೊಂಡು ಹೋದ ಮೇಲೆ ಹಿಂದೆ ಉಳಿದವರ ಗತಿ ಏನು ಅಂತ ಗೂಢಚಾರರ ಸಿನಿಮಾಗಳು ಕೇಳೋದೇ ಅಪರೂಪ. ಇಲ್ಲಿ ಕೇಳಿದ್ದಾರೆ. ಇದಕ್ಕೆ ಯಾವ ಗುಪ್ತ ನಂಟೂ ಬೇಕಾಗಲಿಲ್ಲ, ಯಾರೂ ಯಾರ ಮಗನೂ ಆಗಬೇಕಾಗಲಿಲ್ಲ.

ಇನ್ನು ಸ್ಟಂಟ್ ವಿಷಯ. ಮುಳುಗಿದ ಜಲಾಂತರ್ಗಾಮಿಯ ಒಳಗಿನ ಆ ಭಾಗದಲ್ಲಿ ಮಾತೇ ಇಲ್ಲ ಅನ್ನಬಹುದು. ಹಡಗು ಉರುಳುತ್ತದೆ, ನೆಲ ಗೋಡೆಯಾಗುತ್ತದೆ, ಟಾರ್ಪಿಡೋಗಳು ಒಂದೊಂದಾಗಿ ಕಳಚಿ ಬೀಳುತ್ತವೆ. ಈಥನ್ ಎಲ್ಲಿದ್ದಾನೆ, ಎಲ್ಲಿಗೆ ಹೋಗಬೇಕು, ದಾರಿ ಯಾಕೆ ಮುಚ್ಚಿತು, ಎಲ್ಲವೂ ಕಣ್ಣಿಗೇ ತಿಳಿಯುತ್ತದೆ. ಇದನ್ನು ಕಥೆ ಅಲ್ಲ ಅಂದರೆ ಹೇಗೆ ಸ್ವಾಮಿ? ಕೊನೆಯಲ್ಲಿ ಬರುವ ಮೇಲೊಂದು ಕೆಳಗೊಂದು ರೆಕ್ಕೆಯಿರುವ ಹಳೇ ಕಾಲದ ವಿಮಾನದ ದೃಶ್ಯವೂ ಅಷ್ಟೇ. ದಕ್ಷಿಣ ಆಫ್ರಿಕಾದ ಕಣಿವೆಗಳ ಮೇಲೆ ನಿಜವಾಗಿ ಹಾರಿ ತೆಗೆದದ್ದು. ಗಾಳಿಯ ಹೊಡೆತಕ್ಕೆ ಕೆನ್ನೆ ನಡುಗುವುದು ನೋಡಿದರೆ ಸಾಕು, ಎಂಟಿಟಿ ಮನುಕುಲವನ್ನು ಏನು ಮಾಡುತ್ತದೆ ಎಂಬ ಭಾಷಣ ಯಾರಿಗೆ ಬೇಕು?

ಕೊನೆಗೆ ಒಂದು ಕೋರಿಕೆ. ಹಿಂದಿನ ಏಳನ್ನೂ ನೋಡಿಕೊಂಡೇ ಹೋಗಿ ಎಂದು ಓದುಗರಿಗೆ ಹೇಳಿದ್ದೀರಿ. ದಯವಿಟ್ಟು ಅಷ್ಟು ಹೆದರಿಸಬೇಡಿ. ಡನ್‌ಲೋಗಾಗಿ 1996ರದ್ದು, ಜಲಾಂತರ್ಗಾಮಿಯ ಹಿನ್ನೆಲೆ ಗೊತ್ತಾಗಲು 2023ರದ್ದು, ಇವೆರಡು ನೋಡಿದರೆ ಧಾರಾಳವಾಯಿತು. ಉಳಿದದ್ದನ್ನು ಆ ಮೊದಲ ಒಂದು ಗಂಟೆಯಲ್ಲಿ ಅವರೇ ತೋರಿಸುತ್ತಾರೆ, ಬೇಡ ಅಂದರೂ.

ಇಂತಿ,
ನಿಮ್ಮ ಕಾಯಂ ಓದುಗ