ಸಿಕ್ಕಿದ ಕಾಸನ್ನು ಯಾರಿಗೆ ತೋರಿಸೋದು?

ಮಾನ್ಯ ಸಂಪಾದಕರೇ,

ನಾನು ಪಾಂಡವಪುರದ ಕಡೆಯವನು. ಈಗ ಇಂಗ್ಲೆಂಡಿನ ಸಫೋಕ್‌ನಲ್ಲಿ ಬಸ್ ಓಡಿಸುತ್ತೇನೆ. ರಜೆ ಸಿಕ್ಕರೆ ಮೆಟಲ್ ಡಿಟೆಕ್ಟರ್ ಹಿಡಿದು ಹೊಲ ಸುತ್ತುವುದು ನನ್ನ ಹುಚ್ಚು. ಮೊನ್ನೆ ಅಕ್ಕನ ಮಗ ಫೋನ್ ಮಾಡಿ, "ಮಾವ, ಬರಬೇಕಾದ್ರೆ ಆ ಮೆಷಿನ್ ತಗಂಡ್ ಬನ್ನಿ, ಶ್ರೀರಂಗಪಟ್ಟಣದ ಕೋಟೆ ಹತ್ರ ಒಂದು ರೌಂಡ್ ಹಾಕವ" ಅಂದ. ಚೆನ್ನಾಗಿ ಬೈದೆ. ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಅನುಮತಿ ಇಲ್ಲದೆ ಅಗೆದರೆ ಜೈಲೇ ಗತಿ. ಆದರೆ ಫೋನ್ ಇಟ್ಟ ಮೇಲೆ, ಸುಮ್ನೆ ಬೈದರೆ ಸಾಲದು ಅನ್ನಿಸಿತು. ಅದಕ್ಕೇ ಈ ಪತ್ರ.

ಮೆಷಿನ್ ಹಿಡಿದರೆ ಚಿನ್ನದ ಕೊಪ್ಪರಿಗೆ ಸಿಗುತ್ತೆ ಅಂತ ಹುಡುಗ ನಂಬಿದ್ದಾನೆ. ಆರು ವರ್ಷದಲ್ಲಿ ನನಗೆ ಸಿಕ್ಕಿದ್ದು ಬಹುಪಾಲು ತುಕ್ಕು ಹಿಡಿದ ಮೊಳೆ, ಕೋಟಿನ ಗುಂಡಿ, ಕೋಕ್ ಡಬ್ಬದ ಕಿವಿ. ಕಬ್ಬಿಣ ಇದ್ದರೆ ಮೆಷಿನ್ ಗೊರಗೊರ ಅನ್ನುತ್ತದೆ, ಬೆಳ್ಳಿ ಇದ್ದರೆ ಕೀಂ ಅನ್ನುತ್ತದೆ. ಡಬ್ಬದ ಕಿವಿಗೂ ಒಳ್ಳೆ ಸದ್ದೇ ಬರುತ್ತದೆ, ಅದೇ ಕರ್ಮ! ಒಂಟಿ ಕಾಸು ಒಂದು ಗೇಣಿಗಿಂತ ಆಳದಲ್ಲಿದ್ದರೆ ಸಾಮಾನ್ಯವಾಗಿ ಗೊತ್ತೇ ಆಗುವುದಿಲ್ಲ. ನನ್ನ ದೊಡ್ಡ ಬೇಟೆ ಅಂದರೆ ಒಂದನೇ ಎಡ್ವರ್ಡ್ ಕಾಲದ ಬೆಳ್ಳಿ ಪೆನ್ನಿ. ಏಳುನೂರು ವರ್ಷ ಹಳೆಯದು, ನಮ್ಮ ನಾಲ್ಕಾಣೆ ಗಾತ್ರ, ಎಲೆಯಷ್ಟು ತೆಳು.

ಆ ದಿನ ಮಾಡಿದ್ದೇನು ಅಂತ ಹೇಳುತ್ತೇನೆ. ಮೊದಲು ಹೊಲದ ಮಾಲೀಕನಿಗೆ ತೋರಿಸಿದೆ. ಅವನ ಅನುಮತಿ ಇಲ್ಲದೆ ಇಲ್ಲಿ ಯಾರೂ ಮೆಷಿನ್ ಹಿಡಿದು ಹೊಲಕ್ಕೆ ಕಾಲಿಡುವಂತಿಲ್ಲ. ಆಮೇಲೆ 'ಫೈಂಡ್ಸ್ ಲಿಯೇಜನ್ ಆಫೀಸರ್' ಹತ್ತಿರ ಹೋದೆ. ಇಂಥ ಅಧಿಕಾರಿಗಳು ಇಲ್ಲಿ ಆಯಾ ಪ್ರದೇಶಕ್ಕೆ ಇರುತ್ತಾರೆ. ಆಕೆ ಕಾಸನ್ನು ತೂಗಿ, ಫೋಟೋ ತೆಗೆದು, ಎಲ್ಲಿ ಸಿಕ್ಕಿತು ಅಂತ ಬರೆದುಕೊಂಡು, ನನ್ನ ಕೈಗೇ ವಾಪಸ್ ಕೊಟ್ಟರು. 1997ರಲ್ಲಿ ಶುರುವಾದ ಈ ವ್ಯವಸ್ಥೆಯಲ್ಲಿ 10 ಲಕ್ಷಕ್ಕೂ ಜಾಸ್ತಿ ವಸ್ತುಗಳು ದಾಖಲಾಗಿವೆ. ನಿಧಿ ಅನ್ನಿಸುವಂಥದ್ದು ಸಿಕ್ಕರೆ 14 ದಿನದೊಳಗೆ ತಿಳಿಸಬೇಕು. ಮ್ಯೂಸಿಯಂಗೆ ಬೇಕಾದರೆ ಬೆಲೆ ಕಟ್ಟಿ ಕೊಳ್ಳುತ್ತದೆ. ಸಾಮಾನ್ಯವಾಗಿ ಆ ಹಣ ಹುಡುಕಿದವನಿಗೂ ಹೊಲದವನಿಗೂ ಹಂಚಿಹೋಗುತ್ತದೆ.

ನಾನಿರುವ ಸಫೋಕ್‌ನದೇ ಒಂದು ಕಥೆ ಇದೆ. 1992ರ ನವೆಂಬರಿನಲ್ಲಿ ಹಾಕ್ಸ್ನ್ ಎಂಬ ಹಳ್ಳಿಯಲ್ಲಿ ಒಬ್ಬ ರೈತನ ಸುತ್ತಿಗೆ ಹೊಲದಲ್ಲಿ ಕಳೆದುಹೋಯಿತು. ಗೆಳೆಯ ಎರಿಕ್ ಲಾಸ್ ಡಿಟೆಕ್ಟರ್ ತಂದು ಹುಡುಕಿದರು. ಸಿಕ್ಕಿದ್ದು ರೋಮನ್ನರ ಕಾಲದ ಬೆಳ್ಳಿ ಚಮಚ, ಚಿನ್ನದ ನಾಣ್ಯ. ಮನುಷ್ಯ ಸ್ವಲ್ಪ ಅಗೆದು ನಿಲ್ಲಿಸಿಬಿಟ್ಟರು, ಅಧಿಕಾರಿಗಳಿಗೆ ಹೇಳಿದರು. ಮಾರನೇ ದಿನ ಪುರಾತತ್ವದವರು ಬಂದು ಉಳಿದದ್ದನ್ನು ತೆಗೆದರು. ಹತ್ತಿರ ಹತ್ತಿರ 15,000 ನಾಣ್ಯ! ಅಷ್ಟೇ ಅಲ್ಲ, ಅವು ಮರದ ಪೆಟ್ಟಿಗೆಯಲ್ಲಿ ಇದ್ದವು, ಒಳಗೆ ಪುಟ್ಟ ಬೆಳ್ಳಿ ಬೀಗಗಳಿದ್ದವು ಅಂತಲೂ ತಿಳಿಯಿತು. ಗುದ್ದಲಿ ಹಾಕಿ ಕೆದರಿದ್ದರೆ ಇದು ತಿಳಿಯುತ್ತಿತ್ತಾ? 17.5 ಲಕ್ಷ ಪೌಂಡ್ ಬಹುಮಾನ ಬಂತು, ಲಾಸ್ ಅದನ್ನು ರೈತನ ಜೊತೆ ಹಂಚಿಕೊಂಡರು. ಸುತ್ತಿಗೆಯೂ ಸಿಕ್ಕಿತು, ಅದೂ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಇಲ್ಲಿ ಎಲ್ಲರೂ ಸಾಚಾ ಅಂತ ಅಲ್ಲ. 2015ರಲ್ಲಿ ಹೆರೆಫರ್ಡ್‌ಶೈರ್‌ನಲ್ಲಿ ಸಿಕ್ಕಿದ ನಿಧಿಯನ್ನು ಮುಚ್ಚಿಟ್ಟು ಮಾರಿದವರು 2019ರಲ್ಲಿ ಜೈಲಿಗೆ ಹೋದರು. ಆ ನಾಣ್ಯಗಳಲ್ಲಿ ಹೆಚ್ಚಿನವು ಇನ್ನೂ ಪತ್ತೆಯಿಲ್ಲ.

ಈಗ ನಮ್ಮ ಮನೆ ಕಥೆ. ನಾನು ಹುಟ್ಟುವ ಮೊದಲು ದೊಡ್ಡಪ್ಪ ಗದ್ದೆ ಉಳುವಾಗ ನೇಗಿಲಿಗೆ ಒಂದು ಕುಡಿಕೆ ತಗುಲಿ ಒಡೆಯಿತಂತೆ. ಒಳಗೆ ತಾಮ್ರದ ಕಾಸು. ಯಾರಿಗಾದರೂ ಹೇಳಿದರೆ ಪೊಲೀಸ್ ಬರ್ತಾರೆ, ಗದ್ದೆ ಹೋಗುತ್ತೆ ಅಂತ ಹೆದರಿ, ಪಾತ್ರೆ ಅಂಗಡಿಗೆ ತೂಕಕ್ಕೆ ಹಾಕಿ ಒಂದು ಚೊಂಬು ತಂದರು. ಆ ಚೊಂಬಿನ ನೀರು ಕುಡಿದು ಬೆಳೆದವನು ನಾನು. ದೇವರ ಗೂಡಲ್ಲಿ ಒಂದೇ ಒಂದು ಕಾಸು ಉಳಿದಿತ್ತು. ಒಂದು ಬದಿ ಆನೆ, ಇನ್ನೊಂದು ಬದಿ ಪರ್ಷಿಯನ್ ಬರಹ. ಅಂಕಿ ಕಲಿತು ಓದಿದರೆ 4221 ಅಂತ ಬಂತು. ಇದ್ಯಾವ ವರ್ಷ ಅಂತ ತಲೆ ಕೆಡಿಸಿಕೊಂಡೆ. ಟಿಪ್ಪು ಮೌಲೂದಿ ಎಂಬ ತನ್ನದೇ ಲೆಕ್ಕದ ವರ್ಷವನ್ನು ಬಲದಿಂದ ಎಡಕ್ಕೆ ಬರೆಸುತ್ತಿದ್ದ ಅಂತ ಆಮೇಲೆ ಗೊತ್ತಾಯಿತು. ಅದು 1224, ನಮ್ಮ ಲೆಕ್ಕಕ್ಕೆ 1796ರ ಆಸುಪಾಸು. ಉಳಿದ ಕಾಸುಗಳು ಶ್ರೀರಂಗಪಟ್ಟಣದ ಟಂಕಸಾಲೆಯವೋ ಬಿದನೂರು ನಗರದವೋ, ಆ ಚೊಂಬಿಗೇ ಗೊತ್ತು.

ದೊಡ್ಡಪ್ಪ ಕಳ್ಳ ಅಲ್ಲ. ಕಳ್ಳರು ಬೇರೆ. 2019ರಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ ವ್ಯಾಸರಾಜರ ವೃಂದಾವನವನ್ನೇ ಕೆಡವಿದರಲ್ಲ, ಅವರು ನಿಧಿಗಳ್ಳರು. ಅಂಥವರನ್ನು ಹಿಡಿಯಲು ಕಾನೂನು ಇದೆ. 10 ರೂಪಾಯಿಗೆ ಮೇಲ್ಪಟ್ಟ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು ಅಂತ ಬ್ರಿಟಿಷರು 1878ರಲ್ಲೇ ಕಾಯ್ದೆ ಮಾಡಿದ್ದರು. ಆದರೆ ಪಾಯ ತೋಡುವಾಗಲೋ ಬಾವಿ ತೋಡುವಾಗಲೋ ಎರಡು ಕಾಸು ಸಿಕ್ಕ ರೈತ ಜಿಲ್ಲಾಧಿಕಾರಿ ಕಚೇರಿ ಮೆಟ್ಟಿಲು ಹತ್ತುತ್ತಾನಾ? ಅವನಿಗೆ ಬೇಕಾಗಿರೋದು ಹೆದರಿಸದೆ ನೋಡಿ, ಬರೆದುಕೊಂಡು, ರಸೀದಿ ಕೊಡುವ ಒಬ್ಬ ಮನುಷ್ಯ. ಜಿಲ್ಲೆಗೊಬ್ಬರಾದರೂ ಸಾಕು, ವಾರಕ್ಕೊಂದು ದಿನ ಸಂತೆ ದಿನವೇ ಕೂತರೆ ಇನ್ನೂ ಒಳ್ಳೆಯದು. ಪುರಾತತ್ವ ಇಲಾಖೆ ಇದನ್ನು ಯೋಚಿಸಲಿ.

ಡಿಸೆಂಬರಿನಲ್ಲಿ ಊರಿಗೆ ಬರುತ್ತಿದ್ದೇನೆ. ಮೆಷಿನ್ ತರುವುದಿಲ್ಲ. ಆ ಆನೆ ಕಾಸನ್ನು ಎಲ್ಲಿ ತೋರಿಸಿ ದಾಖಲು ಮಾಡಿಸಬೇಕು ಅಂತ ಬಲ್ಲವರು ಈ ಅಂಕಣದಲ್ಲೇ ತಿಳಿಸಿದರೆ, ಅಕ್ಕನ ಮಗನನ್ನೂ ಜೊತೆಗೆ ಕರೆದುಕೊಂಡು ಹೋಗುತ್ತೇನೆ.

— ಪಾಂಡವಪುರ ಮೂಲದ ಓದುಗ, ಇಪ್ಸ್‌ವಿಚ್, ಇಂಗ್ಲೆಂಡ್