ಸಹಾಯ ಪುಟ ಬರೆಯುವ ಮೊದಲು

ಪ್ರೀತಿಯ ಸುಮಾ,

ನೀನು ಕಳಿಸಿದ ಕರಡು ಓದಿದೆ. ಅಡಿಕೆ ಬೆಳೆಗಾರರ ಆಪ್‌ಗೆ ಸಹಾಯ ಪುಟ ಬರೆಯುವ ಕೆಲಸ ಶಿರಸಿಯ ಹುಡುಗಿಗೇ ಸಿಕ್ಕಿತಲ್ಲ, ಖುಷಿಯಾಯಿತು. ಭಾಷೆಯಲ್ಲಿ ತಪ್ಪು ಹುಡುಕಲು ಆಗಲಿಲ್ಲ. ಆದರೆ ಶುರುವಿನ ಪುಟಗಳೆಲ್ಲ ಬರೀ ಆಪ್‌ನ ಪರಿಚಯ. ಅದನ್ನು ಯಾರು ಓದುತ್ತಾರೆ ಹೇಳು? ಜನ ಮೊದಲು ಅದು ಇದು ಒತ್ತಿ ನೋಡುತ್ತಾರೆ, ಎಲ್ಲೋ ಸಿಕ್ಕಿಹಾಕಿಕೊಂಡ ಮೇಲೇ ಸಹಾಯ ಹುಡುಕುವುದು. ಐಬಿಎಂನಲ್ಲಿದ್ದ ಜಾನ್ ಕ್ಯಾರಲ್ 1980ರ ದಶಕದಲ್ಲೇ ಇದನ್ನು ಗಮನಿಸಿ, ಪೀಠಿಕೆ ಕಿತ್ತುಹಾಕಿ, ಮಾಡಬೇಕಾದ ಕೆಲಸ ಮತ್ತು ತಪ್ಪಿದರೆ ಸರಿಮಾಡಿಕೊಳ್ಳುವ ದಾರಿಗೇ ಜಾಸ್ತಿ ಜಾಗ ಕೊಟ್ಟ ಸಣ್ಣ ಕೈಪಿಡಿ ಮಾಡಿದ್ದರು.

ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಪುಟವನ್ನೇ ನೋಡು. ‘ಶೇ 1ರ ದ್ರಾವಣ’ ಅಂತ ಬರೆದು ಬಿಟ್ಟಿದ್ದೀಯ. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು ಅಂತ ಬರೆ. ಎರಡನ್ನೂ ಬೇರೆಬೇರೆ ಕದಡಿಕೊಂಡು ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ತಿರುಗುಮುರುಗು ಮಾಡಬಾರದು, ಕಬ್ಬಿಣದ ಡ್ರಮ್ ಬೇಡ. ಇದನ್ನೆಲ್ಲ ನೀನು ಪುಟದ ಕೊನೆಗೆ ‘ಸೂಚನೆ’ ಅಂತ ಹಾಕಿದ್ದೀಯ. ಓದುವವನು ಅಲ್ಲಿಗೆ ಬರುವಷ್ಟರಲ್ಲಿ ಸುರಿದಾಗಿರುತ್ತದೆ ಅಲ್ವಾ? ಎಚ್ಚರಿಕೆಯನ್ನು ಆ ಕೆಲಸಕ್ಕಿಂತ ಮೊದಲೇ ಹೇಳು.

‘ಅಮಾನ್ಯ ನಮೂದು’ ಅಂತ ಬಂದರೆ ಬೆಳೆಗಾರ ಏನು ಮಾಡಬೇಕು ಅಂತ ಒಂದು ಇಡೀ ಪುಟ ಬರೆದಿದ್ದೀಯಲ್ಲ, ಅದು ಬೇಡವೇ ಬೇಡ. ಡೆವಲಪರ್‌ಗಳ ಹತ್ತಿರ ಕೂತು ಆ ಸಂದೇಶವನ್ನೇ ‘ಮೊಬೈಲ್ ನಂಬರ್‌ಗೆ 10 ಅಂಕಿ ಬೇಕು, ಒಂದು ಕಡಿಮೆ ಇದೆ’ ಅಂತ ಬದಲಾಯಿಸು. ಗೊಣಗುತ್ತಾರೆ, ಗೊಣಗಲಿ.

ಇನ್ನು ಪರೀಕ್ಷೆಯ ವಿಷಯ. ಆಫೀಸಿನವರಿಗೆ ತೋರಿಸಿದ್ದು ಲೆಕ್ಕಕ್ಕಿಲ್ಲ, ಅವರಿಗೆ ಆಪ್ ಬಾಯಿಪಾಠ. 5 ಜನರನ್ನು ಕೂರಿಸಿ ನೋಡಿದರೂ ಹೆಚ್ಚಿನ ತೊಡಕು ಬಯಲಾಗುತ್ತವೆ ಅಂತ, ಜನ ವೆಬ್‌ಸೈಟ್, ಸಾಫ್ಟ್‌ವೇರ್ ಹೇಗೆ ಬಳಸುತ್ತಾರೆ ಅಂತ ಅಧ್ಯಯನ ಮಾಡಿದ ಯಾಕೋಬ್ ನೀಲ್ಸನ್ 2000ರಲ್ಲೇ ಬರೆದಿದ್ದರು. ಊರಿಗೆ ಬಾ, 5 ಜನ ಇಲ್ಲೇ ಸಿಗುತ್ತಾರೆ. ಆದರೆ ‘ಅರ್ಥ ಆಯ್ತಾ’ ಅಂತ ಮಾತ್ರ ಕೇಳಬೇಡ. ನಮ್ಮವರು ನಿನ್ನ ಮುಖ ನೋಡಿ, ಬೇಜಾರಾದೀತು ಅಂತ, ಆಯ್ತು ಅಂದುಬಿಡುತ್ತಾರೆ. ‘ಔಷಧಿ ಹೊಡೆದ ತಾರೀಖು ಇದರಲ್ಲಿ ಬರೆದಿಡಿ’ ಅಂತ ಫೋನ್ ಕೈಗೆ ಕೊಟ್ಟು ಸುಮ್ನೆ ಕೂತುಕೋ. ಬೆರಳು ಎಲ್ಲಿ ನಿಂತಿತು, ಯಾವುದನ್ನು ಎರಡು ಸಲ ಒತ್ತಿದರು, ಅದನ್ನಷ್ಟೇ ಗುರುತು ಹಾಕಿಕೋ. ಮಧ್ಯೆ ಬಾಯಿ ಹಾಕಿ ಹೇಳಿಕೊಡಬೇಡ, ನಿನಗೆ ಅದು ಕಷ್ಟ ಅಂತ ಗೊತ್ತು.

ಬರುವಾಗ ಪುಟಗಳನ್ನೆಲ್ಲ ಫೋನಿಗೆ ಇಳಿಸಿಕೊಂಡೇ ಬಾ. ತೋಟದಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ನಿನ್ನ ಸಹಾಯ ಪುಟ ತೆರೆಯಬೇಕಾದದ್ದೂ ಅಲ್ಲೇ ತಾನೇ, ಅದನ್ನೂ ನಿಮ್ಮ ಟೀಮಿನವರಿಗೆ ಹೇಳಿ ನೋಡು.

ನಿನ್ನ ಮಾವ