ಆಕ್ಸಲ್ ಬೇರಿಂಗ್ ಬಿಚ್ಚಲು ಕೆಂಪು ಕಾಯಿಸುವುದು ಬೇಡ

ಸಂಪಾದಕರಿಗೆ,

ಮಾನ್ಯರೇ,

ಹಿಂದಿನ ಆಕ್ಸಲ್‌ನಲ್ಲಿ ಕಚ್ಚಿಕೊಂಡು ಕುಳಿತ ಚಕ್ರದ ಬೇರಿಂಗನ್ನು ಬಿಚ್ಚುವ ಕುರಿತು ತಮ್ಮ ವಾಹನ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಓದಿದೆ. ಬೇರಿಂಗ್ ಸವೆದಾಗ ಹೊರಡುವ ಗುಂಯ್‌ಗುಡುವ ಸದ್ದು ವೇಗ ಹೆಚ್ಚಿದಂತೆ ಏರುವುದನ್ನೂ, ಚಕ್ರವನ್ನು ಹಿಡಿದು ಅಲುಗಿಸಿದರೆ ಸಡಿಲ ಕಾಣುವುದನ್ನೂ ಲೇಖಕರು ಸರಿಯಾಗಿ ವಿವರಿಸಿದ್ದಾರೆ. ಆದರೆ ಬೇರಿಂಗನ್ನು ಹಿಡಿದೆಳೆಯುವ ಸಾಧನವಾದ ಪುಲ್ಲರ್‌ಗೆ ಬಗ್ಗದ ಬೇರಿಂಗನ್ನು ಗ್ಯಾಸ್ ಜ್ವಾಲೆಯಲ್ಲಿ ಕೆಂಪಗಾಗುವವರೆಗೆ ಕಾಯಿಸಿ ಸುತ್ತಿಗೆಯಿಂದ ಬಡಿದು ಇಳಿಸಬೇಕೆಂಬ ಅವರ ಸಲಹೆ ಅಪಾಯಕಾರಿಯಾದದ್ದು. ದುರಸ್ತಿ ಕೆಲಸವನ್ನೇ ನಂಬಿ ಬದುಕುತ್ತಿರುವ ನನಗೆ ಇದನ್ನು ಓದಿ ಸುಮ್ಮನಿರಲು ಮನಸ್ಸು ಒಪ್ಪದ ಕಾರಣ ಈ ಪತ್ರ ಬರೆಯುತ್ತಿದ್ದೇನೆ.

ಬೇರಿಂಗ್ ಏಕೆ ಹೊರಡುತ್ತಿಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಲೇಖನದಲ್ಲಿ ಬಿಟ್ಟುಹೋಗಿರುವುದೇ ಈ ಭಾಗ. ಇಂತಹ ಬೇರಿಂಗಿನ ಒಳ ರೇಸಿನ, ಅಂದರೆ ಗುಂಡುಗಳು ಉರುಳುವ ಒಳಬಳೆಯ, ರಂಧ್ರವನ್ನು ಅದು ಕೂರುವ ಆಕ್ಸಲ್ ಶಾಫ್ಟಿನ (ಚಕ್ರವನ್ನು ತಿರುಗಿಸುವ ದಂಡದ) ವ್ಯಾಸಕ್ಕಿಂತ ಮಿಲಿಮೀಟರಿನ ಕೆಲವು ನೂರನೆಯ ಭಾಗಗಳಷ್ಟು ಕಿರಿದಾಗಿಯೇ ಮಾಡಿರುತ್ತಾರೆ. ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ತೊಡಿಸಿದಾಗ ಅದು ಆರಿ ಬಿಗಿಯುವಂತೆ, ಈ ಬಳೆಯೂ ತನ್ನ ಬಿಗುವಿನಿಂದಲೇ ಶಾಫ್ಟನ್ನು ಹಿಡಿದಿರುತ್ತದೆ. ವರ್ಷಗಳ ಓಟದಲ್ಲಿ ಎರಡು ಮೈಗಳ ನಡುವೆ ಸೂಕ್ಷ್ಮವಾದ ಉಜ್ಜಾಟ ನಡೆದು, ನೀರಿನ ಪಸೆಯೂ ಸೇರಿ, ತುಕ್ಕು ಹುಟ್ಟುತ್ತದೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಮೊದಲೇ ಬಿಗಿಯಾಗಿದ್ದ ಜೋಡಣೆ ಇನ್ನಷ್ಟು ಬಿಗಿಯುತ್ತದೆ. ಇದಲ್ಲದೆ, ಅರೆ ತೇಲುವ ಬಗೆಯ (ಶಾಫ್ಟೇ ವಾಹನದ ಭಾರವನ್ನೂ ಹೊರುವ) ಅನೇಕ ಆಕ್ಸಲ್‌ಗಳಲ್ಲಿ ಬೇರಿಂಗಿನ ಬೆನ್ನಿಗೆ ಅದು ಜರುಗದಂತೆ ತಡೆಯುವ ಉಕ್ಕಿನ ಒಂದು ಕಾಲರ್ (ದಪ್ಪ ಪಟ್ಟಿ) ಕೂಡ ಇಷ್ಟೇ ಬಿಗಿಯಾಗಿ ಕುಳಿತಿರುತ್ತದೆ. ಈ ಕಾಲರ್ ಇರುವುದನ್ನೇ ಗಮನಿಸದೆ ಬೇರಿಂಗನ್ನು ಎಳೆಯುವವರು ಎರಡು ಬಿಗುವುಗಳ ವಿರುದ್ಧ ಒಟ್ಟಿಗೆ ಹೋರಾಡುತ್ತಿರುತ್ತಾರೆ. ಪುಲ್ಲರಿನ ಕಾಲು ಮುರಿಯುವುದು, ಪ್ರೆಸ್ಸಿನಲ್ಲಿ ಬೇರಿಂಗ್ ಸಿಡಿಯುವುದು ಹೆಚ್ಚಾಗಿ ಇಂತಹ ಸಂದರ್ಭದಲ್ಲಿಯೇ.

ಆದ್ದರಿಂದ ಕ್ರಮ ಹೀಗಿರಬೇಕು. ಬ್ರೇಕ್ ಡ್ರಮ್ ತೆಗೆದು, ಬ್ಯಾಕ್ ಪ್ಲೇಟಿನ ನಟ್ಟುಗಳನ್ನು ಬಿಚ್ಚಿ, ಆಕ್ಸಲಿನ ಫ್ಲಾಂಜಿಗೆ (ಚಕ್ರ ಕೂರುವ ತುದಿಯ ತಟ್ಟೆಗೆ) ಸ್ಲೈಡ್ ಹ್ಯಾಮರ್, ಅಂದರೆ ಕಂಬಿಯ ಮೇಲೆ ಜಾರುವ ಭಾರದ ಏಟಿನಿಂದ ಎಳೆಯುವ ಸಾಧನ, ಜೋಡಿಸಿ ಎಳೆದರೆ ಶಾಫ್ಟು ಬೇರಿಂಗಿನೊಡನೆ ಹೌಸಿಂಗಿನಿಂದ (ಹೊರಕವಚದಿಂದ) ಹೊರಬರುತ್ತದೆ. ಹೊರಬಂದ ಮೇಲೆ ಮೊದಲು ಕೈಹಾಕಬೇಕಾದದ್ದು ಕಾಲರಿಗೆ. ಅದರ ದಪ್ಪದ ಸುಮಾರು ಮುಕ್ಕಾಲು ಭಾಗದವರೆಗೆ, ಶಾಫ್ಟಿಗೆ ತಾಗದಂತೆ ಒಂದು ತೂತು ಕೊರೆದು, ಆ ತೂತಿಗೆ ಅಡ್ಡಲಾಗಿ ಹರಿತವಾದ ಉಳಿಯಿಟ್ಟು ಬಲವಾಗಿ ಹೊಡೆದರೆ ಕಾಲರ್ ಸೀಳುತ್ತದೆ ಅಥವಾ ಹಿಗ್ಗುತ್ತದೆ, ಮತ್ತು ಆ ಕ್ಷಣವೇ ಸಡಿಲವಾಗುತ್ತದೆ. ಅನಂತರ ಬೇರಿಂಗಿನ ಹಿಂದೆ ಅದನ್ನು ಆನಿಸಿ ಹಿಡಿಯುವ ಸೆಪರೇಟರ್ ಎಂಬ ಇಬ್ಭಾಗದ ತಟ್ಟೆ ಕೂರಿಸಿ ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಒತ್ತಿದರೆ ಬಹುಪಾಲು ಬೇರಿಂಗುಗಳು ಶಾಫ್ಟಿಗೆ ನೋವಾಗದಂತೆ ಇಳಿಯುತ್ತವೆ.

ನಿಜವಾದ ಕಷ್ಟ ಎದುರಾಗುವುದು ಬೇರಿಂಗ್ ಒಡೆದು, ಗುಂಡುಗಳನ್ನು ಹಿಡಿದಿಡುವ ಕೇಜು ಪುಡಿಯಾಗಿ, ಗುಂಡುಗಳು ಉದುರಿ, ಒಳ ರೇಸು ಮಾತ್ರ ಶಾಫ್ಟಿನ ಮೇಲೆ ಉಳಿದಾಗ. ಪುಲ್ಲರ್ ಹಿಡಿಯಲು ಅಂಚೇ ಇಲ್ಲದ ಈ ಬಳೆಯನ್ನು ಕಂಡಾಗಲೇ ಜನ ಗ್ಯಾಸ್ ಕಟರ್ ಎತ್ತಿಕೊಳ್ಳುವುದು. ಆದರೆ ಬೇರಿಂಗಿನ ಉಕ್ಕು ಸುಮಾರು ಶೇ 1ರಷ್ಟು ಇಂಗಾಲವೂ ಶೇ 1.5ರಷ್ಟು ಕ್ರೋಮಿಯಂ ಕೂಡ ಸೇರಿದ, ಹೆಚ್ಚಿನ ಬೇರಿಂಗುಗಳಲ್ಲಿ ಒಳಗಿನವರೆಗೂ ಗಡುಸಾಗಿಸಿದ ಉಕ್ಕು. ಅದು ಬಾಗುವುದಿಲ್ಲ, ಬಿರಿಯುತ್ತದೆ. ಅದರ ಈ ಗುಣವೇ ನಮಗೆ ಅನುಕೂಲ. ಸಣ್ಣ ಗ್ರೈಂಡರಿನಿಂದ ಬಳೆಯ ಅಗಲದುದ್ದಕ್ಕೂ ಒಂದು ತೋಡು ಕೊರೆದು, ತೆಳುವಾದ ಪದರವೊಂದು ಉಳಿದಿರುವಾಗಲೇ ನಿಲ್ಲಿಸಿ, ಆ ತೋಡಿಗೆ ಉಳಿಯಿಟ್ಟು ಒಂದೆರಡು ಏಟು ಕೊಟ್ಟರೆ ಬಳೆ ಟಪ್ಪೆಂದು ಬಿರಿದು ಕೈಯಲ್ಲಿ ತೆಗೆಯುವಷ್ಟು ಸಡಿಲವಾಗುತ್ತದೆ. ಅವಸರ ಮಾಡದೆ, ಕೊರೆಯುವಾಗ ಲೋಹ ನೀಲಿಗೆ ತಿರುಗಿದರೆ ಬಿಡುವು ಕೊಟ್ಟು, ಕಣ್ಣನ್ನು ತೋಡಿನ ತಳದಲ್ಲೇ ನೆಟ್ಟಿರಬೇಕು. ಶಾಫ್ಟಿನ ಮೇಲೆ ಅಡ್ಡಲಾಗಿ ಬಿದ್ದ ಒಂದು ಗೀರು ಮುಂದೆ ಬಿರುಕಿಗೆ ಬೀಜವಾಗಬಲ್ಲದು. ಆದಕಾರಣ ತೋಡು ಶಾಫ್ಟಿನ ಉದ್ದಕ್ಕೆ ಸಮಾನಾಂತರವಾಗಿರಲಿ, ಬೇರಿಂಗ್ ಇಳಿದ ಮೇಲೆ ಆ ಜಾಗವನ್ನು ಉಗುರಿನಿಂದ ಸವರಿ, ಮೈಕ್ರೋಮೀಟರಿನಿಂದ ಅಳೆದು ನೋಡಿ.

ಇನ್ನು ಬೆಂಕಿಯ ವಿಷಯ. ಉಕ್ಕು ಕಣ್ಣಿಗೆ ಕೆಂಪಾಗಿ ಕಾಣುವ ಹೊತ್ತಿಗೆ ಅದರ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಗಡುಸಾಗಿಸಿದ ಶಾಫ್ಟಿನ ಹದ ಅದಕ್ಕಿಂತ ಬಹಳ ಮೊದಲೇ ಕೆಡುತ್ತದೆ, ಮತ್ತು ಕೆಟ್ಟ ಹದ ಹೊರಗಿನಿಂದ ಕಾಣಿಸುವುದಿಲ್ಲ. ಅರೆ ತೇಲುವ ಆಕ್ಸಲಿನ ಶಾಫ್ಟು ಚಕ್ರವನ್ನು ತಿರುಗಿಸುವುದಷ್ಟೇ ಅಲ್ಲದೆ ಆ ಮೂಲೆಯ ಭಾರವನ್ನೂ ಹೊರುತ್ತದೆ. ಬೇರಿಂಗ್ ಕೂರುವ ಜಾಗದಲ್ಲಿ ಅದು ಮುರಿದರೆ ಓಡುತ್ತಿರುವ ವಾಹನದಿಂದ ಚಕ್ರವೇ ಕಳಚಿ ಹೋಗುತ್ತದೆ. ಹೇಗೂ ಎಸೆಯಬೇಕಾದ ಬೇರಿಂಗಿನ ಸಲುವಾಗಿ ಪ್ರಯಾಣಿಕರ ಜೀವ ಹೊತ್ತ ಶಾಫ್ಟನ್ನು ಬೇಯಿಸುವುದು ಯಾವ ಲೆಕ್ಕದಲ್ಲಿಯೂ ಸರಿಯಲ್ಲ.

ಶಾಖವೇ ಬೇಡವೆಂದು ನಾನು ಹೇಳುತ್ತಿಲ್ಲ. 40 ಮಿಲಿಮೀಟರ್ ವ್ಯಾಸದ ಉಕ್ಕಿನ ಬಳೆ 80 ಡಿಗ್ರಿಯಷ್ಟು ಹೆಚ್ಚು ಬಿಸಿಯಾದರೆ ಸುಮಾರು 0.04 ಮಿಲಿಮೀಟರ್ ಹಿಗ್ಗುತ್ತದೆ. ಬಿಗುವು ಕಳೆಯಲು ಅನೇಕ ಬಾರಿ ಅಷ್ಟು ಸಾಕು. ಆದರೆ ಬಳೆಯೊಂದೇ ಬೇಗನೆ ಬಿಸಿಯಾಗಬೇಕು. ಜ್ವಾಲೆಯನ್ನು ಬಹಳ ಹೊತ್ತು ಹಿಡಿದರೆ ಒಳಗಿನ ಶಾಫ್ಟೂ ಕಾದು ಅಷ್ಟೇ ಹಿಗ್ಗುವುದರಿಂದ ಪಟ್ಟ ಶ್ರಮವೆಲ್ಲ ವ್ಯರ್ಥವಾಗುತ್ತದೆ. ಬೇರಿಂಗ್ ಅಲ್ಯೂಮಿನಿಯಂ ಹೌಸಿಂಗಿನೊಳಗೆ ಕಚ್ಚಿಕೊಂಡಿದ್ದರೆ ಕಾಯಿಸಬೇಕಾದದ್ದು ಹೌಸಿಂಗನ್ನು, ಏಕೆಂದರೆ ಅಲ್ಯೂಮಿನಿಯಂ ಉಕ್ಕಿನ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. ತುಕ್ಕು ಸಡಿಲಿಸುವ ಎಣ್ಣೆಗೂ ಕಾಲಾವಕಾಶ ಕೊಡಬೇಕು. ಸುರಿದ ಐದು ನಿಮಿಷಕ್ಕೆ ಎಳೆದು, ಎಣ್ಣೆ ಕೆಲಸ ಮಾಡಲಿಲ್ಲವೆಂದು ದೂರುವವರು ಅದನ್ನು ಒಂದು ರಾತ್ರಿ ಇಳಿಯಲು ಬಿಟ್ಟು ನೋಡಲಿ.

ಲೇಖನದಲ್ಲಿ ಸುಳಿವೂ ಇಲ್ಲದ ಇನ್ನೊಂದು ಅಪಾಯವನ್ನು ಹೇಳಲೇಬೇಕು. ಆಯಿಲ್ ಸೀಲುಗಳಲ್ಲಿ ಕೆಲವು ಫ್ಲೋರಿನ್ ಸೇರಿದ ರಬ್ಬರಿನವು. ಅವು ಸುಟ್ಟಾಗ ಹೈಡ್ರೋಜನ್ ಫ್ಲೋರೈಡ್ ಹುಟ್ಟುತ್ತದೆ, ಅದು ಚರ್ಮದೊಳಗೆ ಇಳಿದು ಗಾಯ ಮಾಡುವ ವಸ್ತು. ಕ್ಲೋರಿನ್‌ಯುಕ್ತ ಬ್ರೇಕ್ ಕ್ಲೀನರಿನಿಂದ ತೊಳೆದ ಭಾಗ ಒಣಗುವ ಮುನ್ನ ಅದಕ್ಕೆ ಜ್ವಾಲೆ ತಾಗಿಸಿದರೆ ಫಾಸ್ಜೀನ್ ಎಂಬ ವಿಷಾನಿಲ ಹೊರಡಬಹುದು. ಹಾಗೆಯೇ ಗಡುಸಾದ ರೇಸಿನ ಮೇಲೆ ಗಡುಸಾದ ಸುತ್ತಿಗೆಯಿಂದ ನೇರವಾಗಿ ಬಡಿದರೆ ಚೂರುಗಳು ಸಿಡಿದು ಕಣ್ಣಿಗೆ ಹೊಗಬಹುದು. ನಡುವೆ ಹಿತ್ತಾಳೆಯ ಕಂಬಿ ಇರಲಿ, ಕಣ್ಣಿಗೆ ಕನ್ನಡಕ ಇರಲಿ.

ವಾಹನವನ್ನು ಎತ್ತಿ ನಿಲ್ಲಿಸುವ ಬಗೆಯ ಕುರಿತೂ ಒಂದು ಮಾತು. ಬಹಳಷ್ಟು ವಾಹನಗಳಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನೇ, ಮತ್ತು ಡ್ರಮ್ ತೆಗೆಯಲು ಅದನ್ನು ಬಿಡಲೇಬೇಕು. ಹಾಗಾಗಿ ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡೆ ಕೊಡದೆ ಕೆಲಸ ಆರಂಭಿಸಬಾರದು. ಸ್ಲೈಡ್ ಹ್ಯಾಮರಿನ ಪ್ರತಿ ಏಟೂ ವಾಹನವನ್ನು ಅಡ್ಡಕ್ಕೆ ಜಗ್ಗುವುದರಿಂದ ಜಾಕ್ ಒಂದನ್ನೇ ನಂಬದೆ ಗಟ್ಟಿ ನೆಲದ ಮೇಲೆ ಸ್ಟ್ಯಾಂಡುಗಳನ್ನು ಕೊಟ್ಟಿರಬೇಕು.

ಹೊಸ ಬೇರಿಂಗ್ ಕೂರಿಸುವಾಗ ಬೇರಿಂಗನ್ನೂ ಕಾಲರನ್ನೂ ಒಟ್ಟಿಗೆ ಒತ್ತದೆ ಒಂದಾದ ಮೇಲೊಂದನ್ನು ಒತ್ತಬೇಕು. ಸೀಳಿದ ಕಾಲರಿನ ಬದಲಿಗೆ ಹೊಸದನ್ನೇ ಹಾಕಬೇಕು. ಒತ್ತುವ ಬಲ ಒಳ ರೇಸಿನ ಮೇಲೆ ಬೀಳಬೇಕೇ ಹೊರತು ಗುಂಡುಗಳ ಮೂಲಕ ಹಾಯಬಾರದು. ಇಲ್ಲವಾದರೆ ಹೊಸ ಬೇರಿಂಗಿನ ರೇಸಿನಲ್ಲಿ ಅಂದೇ ತಗ್ಗುಗಳು ಬಿದ್ದು, ಕೆಲವೇ ದಿನಗಳಲ್ಲಿ ಅದೇ ಸದ್ದು ಮತ್ತೆ ಕೇಳತೊಡಗುತ್ತದೆ.

ಪುರವಣಿಯನ್ನು ನೋಡಿಕೊಂಡು ತಮ್ಮ ವಾಹನವನ್ನು ತಾವೇ ಬಿಚ್ಚುವ ಓದುಗರಿದ್ದಾರೆ. ಅವರಲ್ಲಿ ಯಾರದಾದರೂ ಆಕ್ಸಲ್ ಈಗಲೇ ಮೇಜಿನ ಮೇಲಿರಬಹುದು. ಬೇರೆ ವಿವರಗಳಿಗೆ ಜಾಗ ಸಿಗದಿದ್ದರೂ, ಶಾಫ್ಟಿನ ಮೇಲಿರುವ ಬೇರಿಂಗನ್ನು ಕೆಂಪಗೆ ಕಾಯಿಸಬೇಕೆಂಬ ಸಲಹೆಯನ್ನು ಹಿಂತೆಗೆದುಕೊಂಡಿರುವುದಾಗಿ ಮುಂದಿನ ಸಂಚಿಕೆಯಲ್ಲಿ, ಮೂಲ ಲೇಖನ ಬಂದ ಪುಟದಲ್ಲಿಯೇ, ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇಂತು ತಮ್ಮ ವಿಶ್ವಾಸಿ,
ಒಬ್ಬ ವಾಹನ ದುರಸ್ತಿಗಾರ